ನುಡಿದಂತೆ ನಡೆಯದ ವಾಹನ

ವಚನವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಶರಣರು ನುಡಿದ ಅನುಭಾವದ ಮಾತು ಒಂದು. ಒಬ್ಬನು ಮತ್ತೊಬ್ಬನಿಗೆ ಕೊಟ್ಟ ಭಾಷೆ ಇನ್ನೊಂದು. ವಚನ ಕೊಟ್ಟನೆಂದೂ ವಚನಭ್ರಷ್ಟನಾದನೆಂದೂ ಹಿರಿಯರು ಹೇಳುವಾಗ ಈ ಎರಡನೆಯ ಅರ್ಥವೇ ಅವರ ಮನಸ್ಸಿನಲ್ಲಿರುವುದು. ನುಡಿಗೆ ತಕ್ಕ ನಡೆಯಿಲ್ಲದವನನ್ನು ಬಸವಣ್ಣನವರು ಶರಣನೆಂದು ಒಪ್ಪಲಿಲ್ಲವೆಂಬುದು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ತಿಳಿಸಬೇಕಾದ ವಿಷಯವಲ್ಲ. ಆದರೆ ನುಡಿ ನಡೆಗಳ ವಿಚಾರವನ್ನು ನಾವು ಸಾಮಾನ್ಯವಾಗಿ ಪೂಜೆ, ದಾಸೋಹ, ಸದಾಚಾರಗಳ ಮಟ್ಟಿಗೆ ಮಾತ್ರ ಚರ್ಚಿಸಿ ಸುಮ್ಮನಾಗುತ್ತೇವೆ. ಪೇಟೆಯಲ್ಲಿ ಮಾರುವವನು ಆಡುವ ಮಾತು, ಕೊಳ್ಳುವವನು ನಂಬುವ ಮಾತು ಈ ಚರ್ಚೆಯ ಹೊರಗೆ ಉಳಿದುಬಿಡುತ್ತದೆ. ಕಾಯಕಕ್ಕೆ ಅಷ್ಟು ಎತ್ತರದ ಸ್ಥಾನವನ್ನಿತ್ತ ಧರ್ಮದಲ್ಲಿ ಹೀಗಾಗಬಾರದಿತ್ತು.

ಈ ವಿಚಾರಕ್ಕೆ ಇಂದು ಮನೆಮನೆಯ ಅಂಗಳದಲ್ಲಿ ನಿಂತಿರುವ ಮೋಟಾರು ಸೈಕಲ್ಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಸಂಸಾರಸ್ಥನಾದ ಭಕ್ತನಿಗೆ ಅದು ಶೋಕಿಯ ವಸ್ತುವಲ್ಲ. ಡೈರಿಗೆ ಹಾಲು ಹೊರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಸಂತೆಯಿಂದ ಗೊಬ್ಬರದ ಚೀಲ ತರುವುದು ಎಲ್ಲವೂ ಅದರ ಮೇಲೆಯೇ. ಹೊಲ ಮನೆಗಳನ್ನು ಬಿಟ್ಟರೆ ಅನೇಕ ಕುಟುಂಬಗಳ ಅತಿ ದೊಡ್ಡ ಖರೀದಿಯೂ ಅದೇ. ಸಾಲ ಮಾಡಿ ಕೊಂಡು ಮೂರು ನಾಲ್ಕು ವರ್ಷ ಕಂತು ಕಟ್ಟುವವರೇ ಹೆಚ್ಚು. ಅಂಥವನು ಲೀಟರಿಗೆ ಇಷ್ಟು ಕಿಲೋಮೀಟರು ಎಂಬ ಒಂದು ಅಂಕಿಯನ್ನು ನಂಬಿ ತನ್ನ ತಿಂಗಳ ಲೆಕ್ಕವನ್ನು ಹಾಕಿಕೊಂಡಿರುತ್ತಾನೆ. ಆ ಅಂಕಿ ಒಂದು ಮಾತು. ಅದನ್ನು ಕೊಟ್ಟವರಾರು, ಯಾವ ಅರ್ಥದಲ್ಲಿ ಕೊಟ್ಟರು, ಅದು ಸುಳ್ಳಾದರೆ ಯಾವಾಗ ಸುಳ್ಳಾಯಿತು ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಕೊಲ್ಲೂರಿನ ದಾರಿಯನ್ನು ನೋಡೋಣ. ಮಲೆನಾಡಿನ ಕಡೆಯಿಂದ ಹೋಗುವವರು ಹೊಸನಗರ, ನಗರ, ನಿಟ್ಟೂರುಗಳನ್ನು ದಾಟಿ ನಾಗೋಡಿಯ ಘಾಟಿಯಲ್ಲಿ ಇಳಿಯಬೇಕು. ನಗರವೆಂದರೆ ಹಳೆಯ ಬಿದನೂರು, ಕೆಳದಿಯ ವೀರಶೈವ ಅರಸರ ರಾಜಧಾನಿ. ಆ ಅರಸರು ಕೊಲ್ಲೂರಿನ ಮೂಕಾಂಬಿಕೆಗೂ ನಡೆದುಕೊಂಡವರು. ಆದುದರಿಂದ ಈ ದಾರಿ ನಮ್ಮವರಿಗೆ ಬಹುಕಾಲದ ಪರಿಚಯದ್ದು. ಈಗ ಇದು ಬೈಂದೂರಿನಿಂದ ರಾಣೆಬೆನ್ನೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಭಾಗ. ಹೊಸದಾಗಿ ಕೊಂಡ ವಾಹನಕ್ಕೆ ಹೂಮಾಲೆ ಹಾಕಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಮಗುವನ್ನು ಮುಂದೆ ಕೂರಿಸಿಕೊಂಡು ಈ ಘಾಟಿಯಲ್ಲಿ ಇಳಿಯುವವರು ಉಂಟು. ಇಳಿಯುವಾಗ ಯಂತ್ರಕ್ಕೆ ಕೆಲಸವೇ ಇಲ್ಲ. ಪೆಟ್ರೋಲು ಹನಿಹನಿಯಾಗಿ ಹೋಗುತ್ತದೆ. ಕೊಲ್ಲೂರಿಗೆ ಬಂದು ಲೆಕ್ಕ ಹಾಕಿದರೆ ಜಾಹೀರಾತಿನ ಅಂಕಿಗಿಂತಲೂ ಒಂದು ಕೈ ಮೇಲೆಯೇ ಬಂದೀತು. ಮರುದಿನ ಅದೇ ಘಾಟಿಯನ್ನು ಏರಬೇಕು. ಆಷಾಢದ ಮಳೆ, ಎದುರು ಗಾಳಿ, ಎರಡನೆಯ ಗೇರಿನಲ್ಲಿ ತಿರುವಿನ ಮೇಲೆ ತಿರುವು. ನಿಟ್ಟೂರು ಮುಟ್ಟುವ ಹೊತ್ತಿಗೆ ನಿನ್ನೆಯ ಅಂಕಿ ಬಹಳಷ್ಟು ಕುಸಿದಿರುತ್ತದೆ. ಅದೇ ವಾಹನ, ಅದೇ ಸವಾರ, ಅದೇ ದಾರಿ. ಅಂಕಿಗಳು ಮಾತ್ರ ಎರಡು, ಮತ್ತು ಎರಡೂ ನಿಜ. ಕುಂದಾಪುರದಿಂದ ಹೆಮ್ಮಾಡಿ, ವಂಡ್ಸೆಗಳ ಮೂಲಕ ಬರುವವನ ಅಂಕಿ ಮೂರನೆಯದು. ಹಾಗಾದರೆ ಜಾಹೀರಾತಿನಲ್ಲಿ ಅಚ್ಚಾದ ಅಂಕಿ ಯಾವ ದಾರಿಯದು?

ಅದು ಯಾವ ದಾರಿಯದೂ ಅಲ್ಲ. ವಾಹನವನ್ನು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ, ನಿಯಮದಲ್ಲಿ ಬರೆದಿರುವ ಕ್ರಮದಂತೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ಪಡೆದ ಅಂಕಿ ಅದು. ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿದ್ದ, ವಿದ್ಯುತ್ ದ್ವಿಚಕ್ರವಾಹನಗಳ ವಿಷಯದಲ್ಲಿ ಹೆಸರುವಾಸಿಯಾದ ‘ಭಾರತೀಯ ಚಾಲನಾ ಆವರ್ತ’ವೆಂಬ ಕ್ರಮ ಹೀಗಿದೆ: ಒಂದು ಸುತ್ತು 108 ಸೆಕೆಂಡು, ಇಂಥ ಆರು ಸುತ್ತುಗಳು ಸೇರಿದರೆ 648 ಸೆಕೆಂಡು, ಅಂದರೆ ಹನ್ನೊಂದು ನಿಮಿಷಕ್ಕೂ ಕಡಿಮೆ, ಅಷ್ಟರಲ್ಲಿ ಓಡುವ ದೂರ ಸುಮಾರು ನಾಲ್ಕು ಕಿಲೋಮೀಟರು. ಸರಾಸರಿ ವೇಗ ಗಂಟೆಗೆ 22 ಕಿಲೋಮೀಟರಿಗೂ ತುಸು ಕಡಿಮೆ, ಅತ್ಯಧಿಕ ವೇಗ 42 ಕಿಲೋಮೀಟರು. ಅದರಲ್ಲಿ ನಾಗೋಡಿಯ ಏರಿಲ್ಲ, ಮಳೆಯಿಲ್ಲ, ಹಿಂದೆ ಕುಳಿತ ಹೆಂಡತಿಯಿಲ್ಲ. ಪೆಟ್ರೋಲು ವಾಹನಗಳಿಗೆ ಅನಂತರ ಅನ್ಯದೇಶಗಳಲ್ಲಿಯೂ ನಡೆಯುವ ಕ್ರಮವನ್ನು ಜಾರಿಗೆ ತಂದರು. ಅದು ನಿಜಜೀವನಕ್ಕೆ ಒಂದಿಷ್ಟು ಸಮೀಪದ್ದು. ಆದರೂ ಕೋಣೆ ಕೋಣೆಯೇ.

ಇದರಿಂದ ಪರೀಕ್ಷೆ ಮಾಡಿದವರು ಮೋಸಗಾರರೆಂದು ಹೇಳಿದರೆ ಅನ್ಯಾಯವಾದೀತು. ಎಲ್ಲ ವಾಹನಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕಾದರೆ ಕೋಣೆ ಬೇಕು, ನಿಗದಿಯಾದ ಕ್ರಮ ಬೇಕು. ಘಾಟಿಯೂ ಮಳೆಯೂ ದಿನಕ್ಕೊಂದು ಬಗೆ. ಅಲ್ಲಿ ಅಳೆದರೆ ಒಂದು ವಾಹನವನ್ನು ಇನ್ನೊಂದರೊಡನೆ ಹೋಲಿಸಲು ಬರುವುದಿಲ್ಲ. ಅಂಕಿಯನ್ನು ಹೋಲಿಕೆಗಾಗಿ ಕೊಟ್ಟರೆ ಅದು ಪ್ರಾಮಾಣಿಕವಾದ ಅಂಕಿ. ಅದನ್ನೇ ತೆಗೆದುಕೊಂಡು, “ನೀನು ಇಷ್ಟು ದೂರ ಹೋಗುವೆ” ಎಂದು ಕೊಳ್ಳುವವನ ಕಿವಿಯಲ್ಲಿ ಹೇಳಿದಾಗ ಅದರ ಜಾತಿಯೇ ಬದಲಾಗುತ್ತದೆ.

ಪ್ರಭುದೇವರಿಗೂ ಗೋರಕ್ಷನಿಗೂ ನಡೆದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದಿದವರು ಇಲ್ಲಿ ಅದನ್ನು ನೆನೆಯಬಹುದು. ಗೋರಕ್ಷನು ತನ್ನದು ವಜ್ರಕಾಯವೆಂದು ಹೇಳಿಕೊಂಡನು. ಬೇಕಾದರೆ ಖಡ್ಗದಿಂದ ಹೊಡೆದು ನೋಡಿರೆಂದನು. ಹೊಡೆದರೆ ಖಣಿಲೆಂದು ಶಬ್ದವಾಯಿತೇ ಹೊರತು ಮೈಗೆ ಗಾಯವಾಗಲಿಲ್ಲ. ಎಂದರೆ ಗೋರಕ್ಷನ ಮಾತು ಸುಳ್ಳಾಗಿರಲಿಲ್ಲ. ತಾನೇ ಒಡ್ಡಿದ ಪರೀಕ್ಷೆಯಲ್ಲಿ ಅವನು ಗೆದ್ದನು. ಅನಂತರ ಪ್ರಭುದೇವರು ಅದೇ ಖಡ್ಗವನ್ನು ತಮ್ಮ ಮೇಲೆ ಬೀಸಿಸಿಕೊಂಡರು; ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಈ ಕಥೆಯನ್ನು ಪವಾಡವೆಂದು ಕೇಳಿ ಮೆಚ್ಚಿ ಎದ್ದುಹೋಗುವವರೇ ಹೆಚ್ಚು. ನಮಗೆ ಮುಖ್ಯವಾಗಿ ಕಾಣುವುದು ಬೇರೊಂದು. ಗೋರಕ್ಷನ ಮಾತು ನಿಜವೇ ಎಂಬಲ್ಲಿಗೆ ಪ್ರಭುದೇವರು ನಿಲ್ಲಲಿಲ್ಲ. ಆ ಪರೀಕ್ಷೆ ಯಾವುದರ ಪರೀಕ್ಷೆ, ಮೈ ಗಟ್ಟಿಯಾಗಿರುವುದಕ್ಕೂ ಯೋಗ ಸಿದ್ಧಿಸಿರುವುದಕ್ಕೂ ಏನು ಸಂಬಂಧವೆಂದು ಕೇಳಿದರು. ಪ್ರಮಾಣಪತ್ರವಿರುವ ಅಂಕಿಯನ್ನು ಕಂಡಾಗ ಸಂಸಾರಸ್ಥನು ಕೇಳಬೇಕಾದ ಪ್ರಶ್ನೆಯೂ ಇದೇ ಬಗೆಯದು. ಅಂಕಿ ನಿಜವಿರಬಹುದು. ಅದು ಏನನ್ನು ಅಳೆಯಿತು? ಅಶ್ವಶಕ್ತಿಯ ಅಂಕಿಯೂ ಹಾಗೆಯೇ. ಅದನ್ನು ಸಾಮಾನ್ಯವಾಗಿ ಯಂತ್ರದ ದಂಡದಲ್ಲಿ ಅಳೆದು ಹೇಳುವರು, ಗೇರು ಚೈನುಗಳನ್ನು ದಾಟಿ ಹಿಂದಿನ ಚಕ್ರಕ್ಕೆ ತಲಪುವಷ್ಟರಲ್ಲಿ ಅದರಲ್ಲಿ ಒಂದು ಪಾಲು ಕರಗಿಹೋಗಿರುತ್ತದೆ.

ಕೇಳುವವನು ಯಾವ ಅರ್ಥದಲ್ಲಿ ತಿಳಿದುಕೊಳ್ಳುವನೆಂಬುದು ಹೇಳುವವನಿಗೆ ಗೊತ್ತಿದ್ದರೆ, ಆ ಅರ್ಥದ ಹೊಣೆಯೂ ಹೇಳುವವನದೇ ಎಂದು ನಾವು ತಿಳಿಯುತ್ತೇವೆ. ಚಿಕ್ಕ ಅಕ್ಷರಗಳಲ್ಲಿ ಷರತ್ತು ಅಚ್ಚುಮಾಡಿಸಿದ್ದೇನೆ, ಅದನ್ನು ಓದದಿದ್ದುದು ನಿನ್ನ ತಪ್ಪು ಎಂಬ ಸಮಾಧಾನ ನ್ಯಾಯಾಲಯದಲ್ಲಿ ಸಲ್ಲುತ್ತಿದ್ದ ಕಾಲವೊಂದಿತ್ತು. 2022ರ ಜೂನ್ 9ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳು ಈ ಸಮಾಧಾನವನ್ನು ಬಹುಮಟ್ಟಿಗೆ ಕಿತ್ತುಹಾಕಿವೆ. ಷರತ್ತು ಮೂಲ ಹೇಳಿಕೆಗೆ ವಿರುದ್ಧವಾಗಿರಬಾರದು, ಮುಖ್ಯ ಸಂಗತಿಯನ್ನು ಮುಚ್ಚಿಡಬಾರದು, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು ಎಂದು ಅವು ವಿಧಿಸುತ್ತವೆ. ಈ ಕೊನೆಯ ಮಾತು ಕನ್ನಡಿಗರಾದ ನಮಗೆ ವಿಶೇಷವಾಗಿ ತಟ್ಟಬೇಕು. ಆಸೆ ಹುಟ್ಟಿಸುವ ವಾಕ್ಯ ದಪ್ಪ ಕನ್ನಡದಲ್ಲಿ, ಆಸೆಗೆ ಕಡಿವಾಣ ಹಾಕುವ ವಾಕ್ಯ ಇರುವೆಗಾತ್ರದ ಇಂಗ್ಲಿಷಿನಲ್ಲಿ ಇರುವ ಫಲಕಗಳನ್ನು ನಾವೆಲ್ಲರೂ ಕಂಡಿದ್ದೇವೆ. ಜನರ ಭಾಷೆಯಲ್ಲಿಯೇ ಪರಮಾರ್ಥವನ್ನು ಹೇಳಬೇಕೆಂದು ಹಟಹಿಡಿದ ಶರಣರ ನಾಡಿನಲ್ಲಿ, ಸಾಲದ ಷರತ್ತಾದರೂ ಜನರ ಭಾಷೆಯಲ್ಲಿರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಬೆಂಗಳೂರಿನ ಎರಡು ವಿದ್ಯುತ್ ವಾಹನ ಸಂಸ್ಥೆಗಳ ನಡವಳಿಕೆಯನ್ನು ಒಟ್ಟಿಗಿಟ್ಟು ನೋಡಬಹುದು. ಏಥರ್ ಸಂಸ್ಥೆಯು ಪರೀಕ್ಷಾಕೋಣೆಯ ಅಂಕಿಯ ಜೊತೆಯಲ್ಲಿ ರಸ್ತೆಯ ನಿಜ ಅಂಕಿಯೆಂದು ಇನ್ನೊಂದನ್ನೂ ಸಾರುವ ಪದ್ಧತಿಯನ್ನು ಇಟ್ಟುಕೊಂಡಿತು. 2022ರ ಜುಲೈನಲ್ಲಿ ಬಂದ ಅದರ 450 ಎಕ್ಸ್ ಮಾದರಿಗೆ ಕೋಣೆಯ ಲೆಕ್ಕ 146 ಕಿಲೋಮೀಟರು, ರಸ್ತೆಯ ಲೆಕ್ಕ 105. ಓಲಾ ಸಂಸ್ಥೆಯು 2021ರ ಆಗಸ್ಟ್ 15ರಂದು ತನ್ನ ಎಸ್1 ಪ್ರೊ ಸ್ಕೂಟರನ್ನು ಹೊರತಂದಾಗ ಎಲ್ಲೆಡೆಯೂ ಮೊಳಗಿದ್ದು 181 ಎಂಬ ಅಂಕಿ. ಅದೇ ವರ್ಷದ ಡಿಸೆಂಬರಿನಲ್ಲಿ ವಾಹನಗಳು ಜನರ ಕೈಸೇರುವ ವೇಳೆಗೆ ಆ ಸಂಸ್ಥೆಯೇ ನಿಜವಾದ ಓಟ 135 ಎಂದು ತಿಳಿಸಿತು. ಎರಡೂ ಸಂಸ್ಥೆಗಳು ಎರಡೆರಡು ಅಂಕಿಗಳನ್ನು ಕೊಟ್ಟವೆಂಬುದು ದಿಟ. ಒಂದು ಮೊದಲೇ ಎರಡನ್ನೂ ಕೊಟ್ಟಿತು, ಇನ್ನೊಂದು ಮುಂಗಡ ಪಡೆದ ಮೇಲೆ ಎರಡನೆಯದನ್ನು ಕೊಟ್ಟಿತು. ನಮ್ಮ ದೃಷ್ಟಿಯಲ್ಲಿ ಈ ಅಂತರ ಚಿಕ್ಕದಲ್ಲ.

ತಪ್ಪು ನುಡಿದ ಮೇಲೆ ಮಾಡಬೇಕಾದುದೇನೆಂಬುದಕ್ಕೂ ಒಂದು ಉದಾಹರಣೆ ಇದೆ. ಜಪಾನಿನ ಯಮಹಾ ಸಂಸ್ಥೆಯು 2006ರ ತನ್ನ ಆರ್6 ಎಂಬ ವೇಗದ ಮಾದರಿಯ ಯಂತ್ರವು ನಿಮಿಷಕ್ಕೆ 17,500 ಸುತ್ತು ತಿರುಗುವುದೆಂದು ಸಾರಿತ್ತು. ಮೀಟರಿನ ಮುಳ್ಳು ಹಾಗೆಯೇ ತೋರಿಸುತ್ತಲೂ ಇತ್ತು. ಪರೀಕ್ಷಿಸಿ ನೋಡಿದವರಿಗೆ ನಿಜವಾದ ಸುತ್ತುಗಳು ಅದಕ್ಕಿಂತ ಸಾವಿರಕ್ಕೂ ಹೆಚ್ಚು ಕಡಿಮೆ ಎಂದು ತಿಳಿದುಬಂದಿತು. ಸಂಸ್ಥೆಯು ಅದನ್ನು ಒಪ್ಪಿಕೊಂಡು, ಅಸಮಾಧಾನವಿದ್ದವರ ವಾಹನವನ್ನು ಮರಳಿ ಕೊಂಡುಕೊಳ್ಳುವೆವೆಂದು ಹೇಳಿತು. ವಾಹನವೇನೂ ಕೆಟ್ಟದ್ದಾಗಿರಲಿಲ್ಲ, ಹೇಳಿದ ಅಂಕಿ ಮಾತ್ರ ತಪ್ಪಾಗಿತ್ತು. ಆಡಿದ ಮಾತಿಗೂ ಬೆಲೆಯುಂಟೆಂದು ವ್ಯಾಪಾರದ ಲೋಕವು ಒಪ್ಪಿಕೊಂಡ ಅಪರೂಪದ ಪ್ರಸಂಗಗಳಲ್ಲಿ ಇದೊಂದು. ನಮ್ಮ ಜಾಹೀರಾತುಗಳ ಮೈಲೇಜಿಗೆ ಈ ನಿಯಮವನ್ನು ಅನ್ವಯಿಸಿದರೆ ಎಷ್ಟು ವಾಹನಗಳು ಮರಳಬೇಕಾದೀತೋ!

ಇನ್ನು ಕಾಲದ ಮಾತು. ಇಂಥ ದಿನ ಹೊಸ ಮಾದರಿ ಬರುವುದು, ಇಂಥ ತಿಂಗಳು ನಿಮ್ಮ ಕೈಸೇರುವುದು ಎಂಬುದೂ ವಚನವೇ. ಇದರಲ್ಲಿ ನಮ್ಮ ನಾಡಿಗೆ ಹಳೆಯ ಅನುಭವವಿದೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಆ ದಿನಗಳು ಅಭಾವದ ದಿನಗಳು. ಲೈಸೆನ್ಸು ಪರ್ಮಿಟ್ಟುಗಳ ಆ ಕಾಲದಲ್ಲಿ ಸ್ಕೂಟರಿಗಾಗಿ ಹಣ ಕಟ್ಟಿ ಹತ್ತು ವರ್ಷ ಕಾದವರೂ ಉಂಟು. ಆ ಕಾಯುವಿಕೆಯಲ್ಲಿ ಕಷ್ಟವಿತ್ತು, ಆದರೆ ನಟನೆಯಿರಲಿಲ್ಲ. ಮಾದರಿಗಳೂ ವರ್ಷವರ್ಷ ಬದಲಾಗುತ್ತಿರಲಿಲ್ಲ. ಮೈಸೂರಿನಲ್ಲಿ ತಯಾರಾದ ಗಾಡಿಗಳನ್ನು ಇಂದಿಗೂ ಉಜ್ಜಿ ಹೊಳೆಯಿಸಿ ಓಡಿಸುವ ಅಭಿಮಾನಿಗಳು ಪ್ರತಿವರ್ಷ ಜುಲೈಯಲ್ಲಿ ಜಾವಾ ದಿನವೆಂದು ಕೂಡುವರು. ಆ ಹೆಸರು 2018ರ ನವೆಂಬರ್ 15ರಂದು ಬೇರೊಂದು ಸಂಸ್ಥೆಯ ಮೂಲಕ ಮತ್ತೆ ಬಂದಿತು. ಗಾಡಿಗಳು ತಯಾರಾದುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಐದು ಸಾವಿರ ರೂಪಾಯಿ ಮುಂಗಡ ಕಟ್ಟಲು ಜನ ಮುಗಿಬಿದ್ದರು. ಡಿಸೆಂಬರು ಮುಗಿಯುವ ಮುನ್ನವೇ ಅಂತರಜಾಲದಲ್ಲಿ ಮುಂಗಡ ಪಡೆಯುವುದನ್ನು ನಿಲ್ಲಿಸಬೇಕಾಯಿತು. ವಾಹನಗಳು ಕೊಂಡವರ ಮನೆ ತಲಪಲಾರಂಭಿಸಿದುದು 2019ರ ಮಾರ್ಚ್ ಕೊನೆಯಲ್ಲಿ. ಅಂದು ತೋರಿಸಿದ ಮೂರನೆಯ ಮಾದರಿ ಪೆರಾಕ್‌ನ ಬೆಲೆ 1.89 ಲಕ್ಷವೆಂದು ಸಾರಿದ್ದರು. ಸರಿಯಾಗಿ ಒಂದು ವರ್ಷದ ಮೇಲೆ ಅದು 1.94 ಲಕ್ಷಕ್ಕೆ ಬಿಡುಗಡೆಯಾಯಿತು, ರಸ್ತೆಗೆ ಬಂದುದು 2020ರಲ್ಲಿ. ತಯಾರಾಗದ ವಸ್ತುವನ್ನು ತೋರಿಸಿ, ಅದರ ಬೆಲೆಯನ್ನೂ ಹೇಳಿ, ಕೊಳ್ಳುವವನ ಆಸೆಯನ್ನು ಮಾತ್ರ ಮೊದಲೇ ಕೊಂಡುಕೊಳ್ಳುವ ಈ ಪದ್ಧತಿ ಒಂದು ಸಂಸ್ಥೆಯದಲ್ಲ. ಈಗ ಅದು ರೂಢಿ. ಮೇಲೆ ಹೇಳಿದ ಓಲಾ ಸ್ಕೂಟರಿನ ವಿಷಯದಲ್ಲಿಯೂ 499 ರೂಪಾಯಿಗೆ ಹೆಸರು ಬರೆಸಿಕೊಂಡದ್ದು ಜುಲೈಯಲ್ಲಿ, ಮಾರಾಟ ಸೆಪ್ಟೆಂಬರ್ 8ರಿಂದ 15ಕ್ಕೆ ಹೋಯಿತು, ಅಕ್ಟೋಬರಿನಲ್ಲಿ ಬರಬೇಕಾಗಿದ್ದ ವಾಹನ ಡಿಸೆಂಬರಿಗೆ ಬಂದಿತು. 2024ರ ಅಕ್ಟೋಬರಿನಲ್ಲಿ ಗ್ರಾಹಕ ಪ್ರಾಧಿಕಾರವು 10,644 ದೂರುಗಳ ಬಗೆಗೆ ಆ ಸಂಸ್ಥೆಗೆ ನೋಟೀಸು ಕೊಟ್ಟಿತು. ಅವುಗಳಲ್ಲಿ ನೂರಕ್ಕೆ 99ರಷ್ಟನ್ನು ಬಗೆಹರಿಸಿದ್ದೇವೆಂದು ಸಂಸ್ಥೆ ಉತ್ತರವಿತ್ತಿತು.

ತಡವಾದುದೆಲ್ಲ ಮೋಸವೆಂದು ಎಣಿಸಬಾರದು. ಬೆಂಗಳೂರಿನದೇ ಆದ ಅಲ್ಟ್ರಾವಯಲೆಟ್ ಸಂಸ್ಥೆಯು ತನ್ನ ಎಫ್77 ವಿದ್ಯುತ್ ಮೋಟಾರು ಸೈಕಲ್ಲನ್ನು 2019ರ ನವೆಂಬರಿನಲ್ಲಿ ತೋರಿಸಿ ಮರುವರ್ಷವೇ ಕೊಡುವೆವೆಂದಿತು. ಬಿಡುಗಡೆಯಾದುದು 2022ರ ನವೆಂಬರಿನಲ್ಲಿ. ನಡುವೆ ಮಹಾಮಾರಿ ಬಂದಿತ್ತು. ಆದರೆ ಮೊದಲು 130ರಿಂದ 150 ಕಿಲೋಮೀಟರು ಎಂದಿದ್ದ ಓಟದ ಅಂಕಿ, ಕೋಣೆಯ ಲೆಕ್ಕದಲ್ಲಿಯೇ ಆದರೂ, ಬರುವಾಗ 307 ಆಗಿತ್ತು. ಹೇಳಿದ್ದಕ್ಕಿಂತ ತಡವಾಗಿ, ಹೇಳಿದ್ದಕ್ಕಿಂತ ಹೆಚ್ಚು ಕೊಡುವವನನ್ನು ವಚನಭ್ರಷ್ಟನೆನ್ನಬೇಕೆ? ಕಾದು ಕುಳಿತವನಿಗೆ ಉತ್ತರ ಒಂದು ಬಗೆ, ಹೊಸದಾಗಿ ಕೊಳ್ಳುವವನಿಗೆ ಇನ್ನೊಂದು ಬಗೆ. ಹಾಗೆ ಕಾಯಿಸಿದುದನ್ನು ನಾವಂತೂ ಮೋಸಕ್ಕಿಂತ ಬಹಳ ಹಗುರವಾದ ದೋಷವೆಂದೇ ಎಣಿಸುವೆವು.

ಮಾದರಿಗಳ ಮೇಲೆ ಮಾದರಿಗಳನ್ನು ಸುರಿಸುವ ಹುಚ್ಚಿನ ಕಥೆಯೂ ಸ್ವಾರಸ್ಯವಾಗಿದೆ. 1980ರ ದಶಕದ ಆರಂಭದಲ್ಲಿ ಯಮಹಾದ ಮುಖ್ಯಸ್ಥರು ಹೋಂಡಾವನ್ನು ಹಿಂದೆ ಹಾಕಿ ಜಗತ್ತಿನ ಮೊದಲನೆಯ ಮೋಟಾರು ಸೈಕಲ್ ಸಂಸ್ಥೆಯಾಗುವೆವೆಂದು ಬಹಿರಂಗವಾಗಿ ನುಡಿದರು. ಹೋಂಡಾ ಕೆರಳಿತು. ಹದಿನೆಂಟು ತಿಂಗಳುಗಳಲ್ಲಿ ಅದು ಹೊಸದಾಗಿ ತಂದ ಅಥವಾ ಬದಲಿಸಿದ ಮಾದರಿಗಳು 113. ಯಮಹಾ ತಂದುದು 37. ನಿನ್ನೆ ಹೊಸದೆಂದು ಕೊಂಡದ್ದು ಇಂದು ಹಳೆಯದಾಗುತ್ತಿತ್ತು. ಯಮಹಾದ ಗೋದಾಮುಗಳಲ್ಲಿ ಮಾರಾಟವಾಗದ ವಾಹನಗಳು ತುಂಬಿದುವು. 1983ರಲ್ಲಿ ಅದು ಸೋಲನ್ನೊಪ್ಪಿಕೊಂಡಿತು. ಒಂದು ಬಡಾಯಿಯ ಮಾತಿಗೆ ಎಷ್ಟು ಉಕ್ಕು, ಎಷ್ಟು ರಬ್ಬರು, ಎಷ್ಟು ಕೆಲಸಗಾರರ ದುಡಿಮೆ ಬಲಿಯಾಯಿತು! ಇಂದು ನಮ್ಮಲ್ಲಿ ಬಣ್ಣವನ್ನೂ ಟ್ಯಾಂಕಿನ ಮೇಲಿನ ಚೀಟಿಯನ್ನೂ ಬದಲಿಸಿ ಹೊಸ ಮಾದರಿ ಎನ್ನುವುದು ಆ ಹುಚ್ಚಿನ ಅಗ್ಗದ ರೂಪ.

ತಯಾರಕರ ಮೇಲೆಯೇ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳಲು ನಮಗೆ ಅಧಿಕಾರವಿದೆಯೆ? ಬಸವಣ್ಣನವರ ಅಂಗಳದಿಂದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮ ಹೇಳಿದಳು. ಆಕೆಗೆ ಮನೆಯ ಅಳತೆ ಗೊತ್ತಿತ್ತು. ಉತ್ಪ್ರೇಕ್ಷೆಯ ಅಂಕಿಗೆ ಕಿವಿಗೊಡುವವನು ತನ್ನ ಮನೆಯ ಅಳತೆಯನ್ನು ಮರೆತಿರುತ್ತಾನೆ. ದಿನಕ್ಕೆ ಇಪ್ಪತ್ತು ಕಿಲೋಮೀಟರು ಓಡಾಡುವವನಿಗೆ ಗಂಟೆಗೆ ನೂರೈವತ್ತು ಕಿಲೋಮೀಟರಿನ ವೇಗ ಏಕೆ? ಮಗನು ಕೇಳಿದನೆಂದು ತಂದೆ ಕೊಡಿಸುತ್ತಾನೆ. ಪಕ್ಕದ ಮನೆಯವರು ಹೊಸ ಮಾದರಿ ತಂದರೆಂದು ಮಗನು ಕೇಳುತ್ತಾನೆ. ಸುಳ್ಳು ಮಾತು ಬೆಳೆಯುವುದು ನಮ್ಮ ಆಸೆಯ ಹೊಲದಲ್ಲಿ. ಹಾಗೆಂದು ಮೋಸಹೋದವನದೇ ತಪ್ಪೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಮೈಲೇಜಿನ ಅಂಕಿಯನ್ನು ನಂಬುವ ಹಾಲು ಮಾರುವವನಿಗೆ ಇರುವುದು ಆಸೆಯಲ್ಲ, ಲೆಕ್ಕ. ಅವನನ್ನು ತಪ್ಪುದಾರಿಗೆ ಎಳೆಯುವುದು ಹೆಚ್ಚಿನ ಪಾಪ.

ಮಾರುವ ಕಡೆಯಲ್ಲಿಯೂ ನಮ್ಮವರೇ ಇದ್ದಾರೆಂಬುದನ್ನು ಮರೆಯಬಾರದು. ಪಟ್ಟಣದ ಷೋರೂಮುಗಳಲ್ಲಿ ಕುತ್ತಿಗೆಗೆ ಟೈ ಕಟ್ಟಿ ನಿಂತಿರುವ ಹುಡುಗರು ಯಾರು? ಓದು ಮುಗಿಸಿದ ನಮ್ಮ ರೈತರ ಮಕ್ಕಳು. ಘಾಟಿಯ ಊರಿನ ಗಿರಾಕಿಗೆ ಜಾಹೀರಾತಿನ ಎಪ್ಪತ್ತು ಬಾರದೆಂದು ಆ ಹುಡುಗನಿಗೆ ಗೊತ್ತು. ಅವನೂ ಅದೇ ಘಾಟಿಯಲ್ಲಿ ಓಡಾಡುವವನು. “ಯಜಮಾನರೇ, ಏರು ದಾರಿಯಲ್ಲಿ ಐವತ್ತು ಬಂದರೆ ಹೆಚ್ಚು” ಎಂದು ಹೇಳಿದರೆ ಗಿರಾಕಿ ಎದುರಿನ ಅಂಗಡಿಗೆ ಹೋದಾನೆಂಬ ಭಯ. ತಿಂಗಳ ಗುರಿ ಮುಟ್ಟದಿದ್ದರೆ ಸಂಬಳದಲ್ಲಿ ಕಡಿತ. ಆ ಹುಡುಗನ ಬೆವರು ನಿಜವಾದದ್ದು, ಮಾತು ಮಾತ್ರ ಬಾಡಿಗೆಯದು. ಅದು ಕಾಯಕವಾಯಿತೆ? ಕಾಯಕಕ್ಕೆ ಸತ್ಯಶುದ್ಧವೆಂಬ ವಿಶೇಷಣವನ್ನು ಶರಣರು ಶೋಭೆಗಾಗಿ ಸೇರಿಸಲಿಲ್ಲ. ಆದರೆ ಆ ಹುಡುಗನೊಬ್ಬನನ್ನೇ ನಿಲ್ಲಿಸಿ ಪ್ರಶ್ನಿಸುವುದು ನ್ಯಾಯವಲ್ಲ. ಗುರಿಯ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿದ ಯಜಮಾನನಿದ್ದಾನೆ, ಅವನಿಗೆ ಗುರಿ ಕೊಟ್ಟ ಸಂಸ್ಥೆಯಿದೆ.

ಅಂಥ ಅಂಗಡಿಗಳ ಯಜಮಾನರಲ್ಲಿ ಮಠದ ಭಕ್ತರೂ ಇರುವರು. ಅವರಿಗೆ ಒಂದು ಸೂಚನೆ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಮೀಟರಿನ ಅಂಕಿಯನ್ನು ಬರೆದಿಟ್ಟು, ಒಂದಷ್ಟು ದಿನ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಿದರೆ ಓಡಿದ ದೂರವೂ ಹಿಡಿದ ಪೆಟ್ರೋಲೂ ತಿಳಿಯುತ್ತದೆ. ಭಾಗಿಸಿದರೆ ಅಂಕಿ ಸಿಕ್ಕಿತು. ಸರ್ವಿಸಿಗೆ ವಾಹನ ತರುವ ನಾಲ್ಕಾರು ಗಿರಾಕಿಗಳಿಗೆ ಹೀಗೆ ಮಾಡಲು ಹೇಳಿ, ಘಾಟಿಯವನ ಅಂಕಿ, ಬಯಲುಸೀಮೆಯವನ ಅಂಕಿ, ಪೇಟೆಯವನ ಅಂಕಿ ಎಂದು ಬೇರೆ ಬೇರೆಯಾಗಿ ಬರೆದು, ಕಂಪನಿಯ ಅಂಕಿಯ ಪಕ್ಕದಲ್ಲಿಯೇ ಅಂಗಡಿಯ ಬಾಗಿಲಲ್ಲಿ ತೂಗುಹಾಕಬಹುದು. ಇದಕ್ಕೆ ಯಾವ ಕಾನೂನಿನ ಅಪ್ಪಣೆಯೂ ಬೇಕಾಗಿಲ್ಲ. ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ ಇದ್ದರೆ ಸಾಕು.